ಅಜ್ಜಿ ಮಂಚದ ಕೆಳಗಿನ ಪೆಟ್ರೋಲ್

ಅಪ್ಪಾ,

ಹುಲ್ಲು ಕತ್ತರಿಸುವ ಮೆಷಿನ್ನಿನ ಪೆಟ್ರೋಲ್ ಕ್ಯಾನ್ ಅಜ್ಜಿಯ ಮಂಚದ ಕೆಳಗೆ ಸಿಕ್ಕಿತು. "ಶೆಡ್ಡಲ್ಲಿಟ್ರೆ ಕಳ್ಳರು ಎತ್ಕೊಂಡು ಹೋಗ್ತಾರೆ ಕಣೇ, ಇಲ್ಲಿ ಯಾರು ಬಗ್ಗಿ ನೋಡ್ತಾರೆ?" ಅಂತೀರಿ, ಗೊತ್ತು. ಕಳ್ಳರು ನೋಡಲ್ಲ, ನಿಜ. ಆದರೆ ಎದುರಿನ ಗುಡ್ಡ ಬೆಳಿಗ್ಗೆಯಿಂದ ಉರಿಯುತ್ತಿದೆ. ಬೆಂಕಿಗೆ ಬಗ್ಗೋದೇನೂ ಕಷ್ಟವಲ್ಲ.

ಮುಚ್ಚಳ ಬಿಗಿ ಮಾಡಿ, ಕ್ಯಾನನ್ನು ಅಂಗಳದಾಚೆಯ ಶೆಡ್ಡಿಗೆ ಒಯ್ದು ಬೀಗ ಹಾಕಿ. ಅಡುಗೆಮನೆ ಗೋಡೆಗೆ ಒರಗಿಸಿದ ಸೌದೆಯನ್ನೂ ಅಲ್ಲಿಂದ ತೆಗೆದು ದೂರ ಹಾಕಿ. ಸಿಲಿಂಡರ್ ನಾನೇ ಆಫ್ ಮಾಡಿದ್ದೇನೆ.

"ಬೆಂಕಿ ಬಂದ್ರೆ ಅಜ್ಜೀನ ಎತ್ಕೊಂಡು ಓಡ್ತೀನಿ" ಅನ್ನಬೇಡಿ. ಮೊನ್ನೆ ಬಿದ್ದ ತಲೆದಿಂಬು ಎತ್ತೋಕೇ ನನ್ನನ್ನು ಕರೆದಿರಿ.

ಅಜ್ಜಿಯನ್ನು ದೊಡ್ಡಮ್ಮನ ಮನೆಗೆ ಕರ್ಕೊಂಡು ಹೊರಟಿದ್ದೇನೆ. ಇಷ್ಟು ಕೆಲಸ ಮುಗಿಸಿ ನೀವೂ ಅಲ್ಲಿಗೆ ಬನ್ನಿ. ಮುಂದಿನ ಸಾಲನ್ನು ಅಜ್ಜಿಯ ದನಿಯಲ್ಲೇ ಓದಿಕೊಳ್ಳಿ:

"ಪೆಟ್ರೋಲ್ ಕಳ್ಳರೇ ಒಯ್ಲಿ ಬಿಡೋ, ನೀನು ಕತ್ತಲಾಗೋದ್ರೊಳಗೆ ಬಂದ್ಬಿಡು."