ಕಸ್ಟಮ್ಸ್ ಮೇಜಿನ ಮೇಲೊಂದು ಹೆಸರು

11 ನವೆಂಬರ್ 1997, ಮಂಗಳವಾರ. ಸೊಲ್ಲಾಪುರ

ಓಪಿಡಿ ಎರಡಕ್ಕೆ ಮುಗಿಯಿತು. ಇವತ್ತೂ ಕ್ಷಯದವರ ಸಾಲೇ ಉದ್ದ. ತಡವಳದ ಮುದುಕಿಯ ತೂಕ ಏರಿದೆ. ನಂಬಿಕೆ ಬಾರದೆ ಇಳಿದು ಮತ್ತೆ ಕಾಟಾ ಹತ್ತಿದಳು.

ನಾಳೆ ಮುಂಬೈ ಗಾಡಿ. ಅಲ್ಲಿಂದ ಬ್ಯಾಂಕಾಕ್, ವೈದ್ಯರ ಸಭೆ. ನಮ್ಮ ಕಡೆಯ ಎಚ್‌ಐವಿ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕು. ಆಸ್ಪತ್ರೆಯ ಲ್ಯಾಪ್‌ಟಾಪ್ ಒಯ್ಯುತ್ತಿದ್ದೇನೆ. ರೋಗಿಗಳೆಲ್ಲ ಅದರಲ್ಲೇ — ಹೆಸರು, ಊರು, ಕಸುಬು, ರಕ್ತದ ರಿಪೋರ್ಟು. ಕಾಗದದಲ್ಲಿಟ್ಟರೆ ಆಯಾಗಳಿಂದ ಹಿಡಿದು ಎಲ್ಲರೂ ಓದುತ್ತಾರೆಂದು ಯಂತ್ರಕ್ಕೆ ಹಾಕಿದ್ದು. ಪಾಸ್‌ವರ್ಡ್ ನನಗೊಬ್ಬಳಿಗೇ ಗೊತ್ತು.

ಮರಾಠಿಯಲ್ಲೇ ಕಲಿತ ಮಗಳು ಗಾರ್ಗಿ ಕೇಳಿದಳು: "ಆಯಿ, ಡೈರಿ ಮರಾಠಿಯೊಳಗ ಯಾಕ ಬರಿಯಂಗಿಲ್ಲ?" ನಿನಗೆ ಓದೋಕೆ ಬರಬಾರದು ಅಂತ, ಅಂದೆ. ನಕ್ಕಳು. ನಾನು ಹೇಳಿದ್ದು ನಿಜ.

18 ನವೆಂಬರ್, ಮಂಗಳವಾರ

ಮನೆ ಮುಟ್ಟಿದೆ. ಸಭೆ ಚೆನ್ನಾಗಿಯೇ ಆಯಿತು. ಬರೆಯಬೇಕಾದದ್ದು ಅದಲ್ಲ.

ಮುಂಬೈಯಲ್ಲಿ ವಿಮಾನ ಇಳಿದ ಮೇಲೆ ಕಸ್ಟಮ್ಸ್‌ನವರು ಬ್ಯಾಗ್ ತೆರೆಸಿದರು. ಲ್ಯಾಪ್‌ಟಾಪ್ ಇಲ್ಲಿಂದಲೇ ಒಯ್ದದ್ದು ಎಂದು ಹೋಗುವಾಗ ಮಾಡಿಸಿದ್ದ ಸರ್ಟಿಫಿಕೇಟ್ ತೋರಿಸಿದೆ. ಸಾಲಲಿಲ್ಲ. ನನ್ನ ಫ್ಲಾಪಿಯೊಂದನ್ನು ಅವರ ಕಂಪ್ಯೂಟರಿಗೆ ಹಾಕಿದರು. ಪರದೆಯ ಮೇಲೆ ಹುಣ್ಣಾದ ತೊಡೆ — ನನ್ನ ಭಾಷಣದ ಫೋಟೋ. ಅಶ್ಲೀಲ ಅಂದರು. ಡಾಕ್ಟರ್ ಅಂದೆ. ಹಾಗಾದರೆ ಲ್ಯಾಪ್‌ಟಾಪೂ ತೆರೆಯಿರಿ ಅಂದರು.

ಅಧಿಕಾರಿ ಪಾಸ್‌ಪೋರ್ಟ್ ನೋಡಿದವನೇ ಕನ್ನಡಕ್ಕೆ ತಿರುಗಿದ.

"ಸೊಲ್ಲಾಪುರದವರೇನ್ರಿ? ನಮ್ದು ಹನ್ನೂರ್ರಿ, ಅಕ್ಕಲಕೋಟ ತಾಲೂಕ. ಹಣಮಂತಪ್ಪ ಅಂತಾರ. ಚಾ ತರಸ್ಲೇನ್ರಿ?"

"ಚಾ ಬ್ಯಾಡ್ರಿ. ಇದರಾಗ ಪೇಶಂಟ್ರ ಹೆಸರ ಅದಾವ. ನಾ ತಗಿಯಂಗಿಲ್ಲ."

"ತಗೀಲಿಲ್ಲಂದ್ರ ಮಷೀನ ಇಲ್ಲೇ ಇಟ್ಕೋಬೇಕಾಗ್ತದ್ರಿ ಡಾಕ್ಟರ್ ಬಾಯಿ. ಆಮ್ಯಾಲ ಯಾರ ತಗೀತಾರ, ಯಾರ ನೋಡ್ತಾರ, ನನಗೂ ಗೊತ್ತಾಗೂದಿಲ್ಲ. ನಿಮ್ಮ ಮುಂದ ಆದ್ರ ಛಲೋ ಅಲ್ಲೇನ್ರಿ?"

ಯೋಚಿಸಿದೆ. ಅವನು ಹೇಳಿದ್ದು ಬೆದರಿಕೆಯೂ ಹೌದು, ನಿಜವೂ ಹೌದು. ಪಾಸ್‌ವರ್ಡ್ ನಾನೇ ಒತ್ತಿದೆ.

ಹಣಮಂತಪ್ಪ ಸಾಲು ಸಾಲಾಗಿ ಕೆಳಗಿಳಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಕಡೆ ಅವನ ಬೆರಳು ನಿಂತಿತು. "ಠೀಕ ಅದ, ಹೋಗ್ರಿ" ಅಂದ. ನನ್ನ ಮುಖ ನೋಡದೆ.

ಯಾವ ಸಾಲೆಂದು ನಾನು ನೋಡಿದ್ದೆ.

24 ನವೆಂಬರ್, ಸೋಮವಾರ

ಹಣಮಂತಪ್ಪ ಬಂದಿದ್ದ. ಯೂನಿಫಾರ್ಮ್ ಇಲ್ಲದೆ, ರಜೆ ಹಾಕಿ. ಎಲ್ಲ ರೋಗಿಗಳೂ ಹೋಗುವವರೆಗೆ ಹೊರಗಿನ ಬೆಂಚಿನ ಮೇಲೆ ಕಾದ.

"ನಮ್ಮ ಅಕ್ಕನ ಮಗಳು ಅನುಜಾಂದು ಲಗ್ನ ಠರಾವ ಆಗ್ಯದ್ರಿ. ಅಕ್ಕಲಕೋಟದ ಶಾಂತಲಿಂಗಪ್ಪ ಅಂತ, ಅರಬಿ ಅಂಗಡಿಯವರು, ಬಟ್ಟೀ ವ್ಯಾಪಾರ. ಹುಡುಗ ಅವರ ಮಗ, ಬಸವರಾಜ." ದನಿ ತಗ್ಗಿಸಿದ — "ನಿಮ್ಮ ಮಷೀನದಾಗೂ ಹಂಗ ಇತ್ತು. ಬಸವರಾಜ, ಅಕ್ಕಲಕೋಟ, ಅರಬಿ ಅಂಗಡಿ."

"ಯಾವ ಹೆಸರಿನ ಬಗ್ಗೆನೂ ನಾ ಮಾತಾಡಂಗಿಲ್ರಿ."

"ಹೌದಂತ ಹೇಳಬ್ಯಾಡ್ರಿ. ಅಂವ ಅಲ್ಲ ಅಂತಾದ್ರೂ ಹೇಳ್ರಿ. ಕೈ ಮುಗೀತೀನಿ. ನಿಮ್ಮ ಮಗಳಿದ್ರ ಏನ ಮಾಡ್ತಿದ್ರಿ?"

ಅಂವ ಅಲ್ಲ. ನನ್ನ ರೋಗಿ ಬೇರೆ ಬಸವರಾಜ — ಅದೇ ಪೇಟೆಯ ಇನ್ನೊಂದು ಅಂಗಡಿಯಲ್ಲಿ ಸೀರೆ ತೋರಿಸುವವನು. ಎಚ್‌ಐವಿ ಇದೆ, ಜೊತೆಗೆ ಬಂದ ಕ್ಷಯಕ್ಕೆ ಗುಳಿಗೆ ನಡೆದಿದೆ. ಹೆಂಡತಿಗೆ ಎಲ್ಲ ಗೊತ್ತು, ಅವಳ ರಕ್ತ ಚೊಕ್ಕ ಇದೆ. ಅಂಗಡಿಯಲ್ಲಿ ಯಾರಿಗೂ ಗೊತ್ತಿಲ್ಲ.

"ಅಲ್ಲ" ಅಂದಿದ್ದರೆ ಮುಂದಿನ ಪ್ರಶ್ನೆ "ಹಂಗಾರ ಯಾರು?" ಬಟ್ಟೆ ಅಂಗಡಿಗಳಲ್ಲಿ ಬಸವರಾಜರು ಎಷ್ಟು ಜನ ಇರುತ್ತಾರೆ? ಸಂಜೆಯೊಳಗೆ ಅವನನ್ನು ಹುಡುಕಿಬಿಡುತ್ತಾರೆ.

ಮದುವೆಗೆ ಮುಂಚೆ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಲಿ, ಯಾರಿಗಾದರೂ ನಾನು ಹೇಳುವುದು ಇಷ್ಟೇ ಅಂದೆ.

"ಹಂಗ ಕೇಳಿದ್ರ ಲಗ್ನ ಮುರದಂಗ್ರಿ" ಅಂದ. ಎದ್ದ. ನಮಸ್ಕಾರ ಮಾಡಲಿಲ್ಲ.



 

9 ಡಿಸೆಂಬರ್, ಮಂಗಳವಾರ

ಅನುಜಾಳ ಮದುವೆ ಮುರಿದಿದೆ, ಹೆಣ್ಣಿನ ಕಡೆಯವರೇ ಮುರಿದದ್ದು. ಕಾರಣ ಯಾರೂ ಬಾಯಿಬಿಟ್ಟು ಹೇಳಿಲ್ಲ. ಆದರೆ ಅಕ್ಕಲಕೋಟದಲ್ಲಿ ಎಲ್ಲರಿಗೂ ಗೊತ್ತು.

ಶಾಂತಲಿಂಗಪ್ಪ ಮಗನನ್ನು ಕರೆದುಕೊಂಡು ಬಂದಿದ್ದರು. ಇಸ್ತ್ರಿ ಧೋತರ, ಕರಿ ಟೊಪ್ಪಿಗೆ. ಕುರ್ಚಿಯಲ್ಲಿ ಕೂರಲೇ ಇಲ್ಲ.

"ಇಂವ ಎಂದಾದ್ರೂ ನಿಮ್ಮ ದವಾಖಾನಿಗಿ ಬಂದಾನೇನ್ರಿ? ಇಲ್ಲಂತ ಒಂದ ಚಿಠ್ಠಿ ಬರದ ಕೊಡ್ರಿ. ನಮಗಷ್ಟ ಸಾಕು."

ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆದು ಕೊಡುವುದಿಲ್ಲ ಅಂದೆ. ಮುದುಕರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಇಪ್ಪತ್ತು ವರ್ಷದ ಈ ಕೆಲಸದಲ್ಲಿ ಬೈಸಿಕೊಂಡದ್ದಿದೆ. ಇಷ್ಟು ಮೆಲ್ಲಗೆ ಯಾರೂ ಬೈದಿರಲಿಲ್ಲ — "ನಿಮಗ ಕರಳ ಇಲ್ಲ ತಾಯಿ."

ಮಗನೇ ಅಂಗಿಯ ತೋಳು ಮಡಚಿ ಮುಂದೆ ಬಂದ. "ಅಪ್ಪಾ, ನೀ ಹೊರಗ ಕೂಡು. ರಕ್ತಾ ತಗೋರಿ ಡಾಕ್ಟರ್."

12 ಡಿಸೆಂಬರ್

ನೆಗೆಟಿವ್. ರಿಪೋರ್ಟು ಒಯ್ಯಲು ಬಂದವನು ಅದನ್ನು ಕೈಯಲ್ಲೇ ಹಿಡಿದು ಕೂತಿದ್ದ.

"ಇದನ್ನ ಯಾರಿಗಿ ತೋರಸ್ಲಿ? ತೋರಸಿದ್ರ, ಸಂಶೇ ಇಲ್ದ ಯಾಕ ಮಾಡಿಸ್ದಿ ಅಂತಾರ."

ರಿಪೋರ್ಟಿಗೆ ಒಂದು ಲಕೋಟೆ ಕೊಟ್ಟೆ.

20 ಡಿಸೆಂಬರ್, ಶನಿವಾರ

ಒಬ್ಬಳೇ ಬಂದ ಹುಡುಗಿ. ಬಿ.ಎಡ್. ಮಾಡುತ್ತಿದ್ದಾಳೆ. ಅನುಜಾ ಅಂದಳು. ಆ ಅನುಜಾ.

"ನಾ ಬಂದದ್ದು ಮಾಮಾಗ ಗೊತ್ತಿಲ್ರಿ. ಬಸವರಾಜ ತಮ್ಮ ರಿಪೋರ್ಟ್ ನನಗ ಟಪಾಲದಾಗ ಕಳಸ್ಯಾರ. ಒಂದ ಮಾತ ಬರದಿಲ್ಲ, ಬರೇ ರಿಪೋರ್ಟ್."

"ಹಂಗಾರ ನೀವ ಯಾಕ ಬಂದ್ರಿ?"

"ನಂದೂ ರಕ್ತಾ ತಗೋರಿ. ಅವರಿಗಿ ಕಳಸಬೇಕು. ಪರೀಕ್ಷಾಕ್ಕ ಅವರನ್ನಷ್ಟ ನಿಲ್ಲಿಸಿದ್ರ ಹ್ಯಾಂಗ?"

ಸೂಜಿ ಚುಚ್ಚುವಾಗ ಮುಖ ತಿರುಗಿಸಲಿಲ್ಲ. ಮನಸ್ಸಿಗೆ ಹಿತವೆನಿಸಿತು. ಬಹಳ ದಿನಗಳ ಮೇಲೆ.

12 ಜನವರಿ 1998, ಸೋಮವಾರ

ಅನುಜಾಳ ಲಗ್ನಪತ್ರಿಕೆ ಬಂದಿದೆ. ಅದೇ ಬಸವರಾಜ. ಆಹ್ವಾನಿಸುವವರಲ್ಲಿ ಸೋದರಮಾವ ಹಣಮಂತಪ್ಪನ ಹೆಸರೂ ಇದೆ.

ಎಲ್ಲ ಸರಿಹೋಯಿತು ಅನ್ನುವಂತಿಲ್ಲ. ಇವನಲ್ಲ ಎಂದು ಪೇಟೆಗೆ ಗೊತ್ತಾಗಿದೆ. ಹಾಗಾದರೆ ಯಾವ ಬಸವರಾಜ ಎಂದು ಕೇಳುತ್ತಿದ್ದಾರಂತೆ. ಅಕ್ಕಲಕೋಟದಿಂದ ಬರುವ ನರ್ಸ್ ನೀಲಗಂಗಾ ಹೇಳಿದಳು, ಸುಮ್ಮನೆ, ಊರ ಸುದ್ದಿ ಅಂತ. ಅವಳಿಗೂ ಯಾರೆಂದು ತಿಳಿಯದು.

ನನ್ನ ರೋಗಿ, ಸೀರೆ ಅಂಗಡಿಯ ಬಸವರಾಜ, ಈ ತಿಂಗಳ ಗುಳಿಗೆಗೆ ಬಂದಿಲ್ಲ. ಅರ್ಧಕ್ಕೆ ಬಿಟ್ಟರೆ ಕ್ಷಯ ತಿರುಗಿ ಬರುತ್ತದೆ. ಅವನ ದೇಹ ಅದನ್ನು ತಡೆಯದು.

15 ಜನವರಿ, ಗುರುವಾರ

ಅಕ್ಕಲಕೋಟಕ್ಕೆ ಹೋಗಿದ್ದೆ. ಗುರುವಾರ ಮಠಕ್ಕೆ ಬರುವ ಭಕ್ತರ ಗದ್ದಲ, ಯಾರೂ ಯಾರನ್ನೂ ಗಮನಿಸುವುದಿಲ್ಲ ಅಂತ. ಮಠಕ್ಕೆ ಬಂದ ಹೆಂಗಸು ಸೀರೆ ಅಂಗಡಿ ಹೊಕ್ಕರೆ ವಿಶೇಷವೇನಿಲ್ಲ. ಗುಳಿಗೆಯ ಪೊಟ್ಟಣ ಪರ್ಸಿನಲ್ಲಿತ್ತು.

ಬಸವರಾಜ ಗಾದಿಯ ಮೇಲೆ ಕೂತಿದ್ದ. ಕಾಲರಿನೊಳಗೆ ಕತ್ತು ಸಣ್ಣಗಾಗಿದೆ. ನನ್ನನ್ನು ನೋಡಿದ, ಗುರುತೇ ಇಲ್ಲದವನ ಹಾಗೆ.

"ಬರ್ರಿ ಅಕ್ಕಾರ. ಇಲಕಲ್ಲ ತೋರಸ್ಲೋ, ನಾರಾಯಣಪೇಟ ತೋರಸ್ಲೋ?"

ಹಣದ ಗಲ್ಲೆಯ ಮುಂದೆ ಮಾಲೀಕ. ಪಕ್ಕದಲ್ಲಿ ಇನ್ನಿಬ್ಬರು ಗಿರಾಕಿಗಳು. ಇಲಕಲ್ಲ ಅಂದೆ. ಒಂದಾದ ಮೇಲೊಂದು ಬಿಚ್ಚಿ ಹಾಸಿದ. ಸೀರೆಯ ಮಡಿಕೆಯೊಳಗೆ ಪೊಟ್ಟಣ ಸರಿಸಿದೆ. ಅವನು ಅದನ್ನು ಅದೇ ಮಡಿಕೆಯೊಳಗೇ ನನ್ನತ್ತ ತಿರುಗಿ ಸರಿಸಿದ. ಸೆರಗು ತೋರಿಸುವವನಂತೆ ಬಗ್ಗಿದ.

"ಮತ್ತ ಬರಬ್ಯಾಡ್ರಿ. ಮಂದಿ ನೋಡ್ತಾರ."

"ಗುಳಿಗಿ ಬಿಡಬ್ಯಾಡ," ಅಂದೆ, ಅಂಚು ಮುಟ್ಟುತ್ತ.

"ನಿಮ್ಮ ಕಂಪ್ಯೂಟರದಾಗ ನನ್ನ ಹೆಸರ ಅದ ಅಂತಲ್ರಿ. ಮುಂಬೈತನಕ ಹೋಗ್ಯದಂತ." ಗಟ್ಟಿಯಾಗಿ — "ಬಣ್ಣ ಪಕ್ಕಾ ಅದ ಅಕ್ಕಾರ, ಹೋಗಂಗಿಲ್ಲ."

ಪೊಟ್ಟಣ ಪರ್ಸಿಗೆ ಹಾಕಿ ಸೀರೆ ತೆಗೆದುಕೊಂಡೆ. ಬರಿಗೈಯಲ್ಲಿ ಎದ್ದರೆ ಚೆನ್ನಾಗಿರುತ್ತಿರಲಿಲ್ಲ. ಬಸ್ಸಿನಲ್ಲಿ ಪರ್ಸ್ ತೆರೆದು ನೋಡಿದೆ. ಪೊಟ್ಟಣ ಹಾಗೇ ಇತ್ತು.

4 ಫೆಬ್ರುವರಿ, ಬುಧವಾರ

ಲ್ಯಾಪ್‌ಟಾಪಿನಿಂದ ಎಲ್ಲ ಹೆಸರೂ ಅಳಿಸಿದೆ. ಊರು, ಕಸುಬೂ ಅಳಿಸಿದೆ. ಈಗ ಬರೀ ನಂಬರು. ಇದನ್ನು ಮೊದಲೇ ಮಾಡಬಹುದಿತ್ತು ಎಂದು ಆಸ್ಪತ್ರೆಯ ಟ್ರಸ್ಟಿನವರು ಅಂದರು. ಹೌದು ಅಂದೆ. ಒಬ್ಬ ಬರದೆ ಹೋದ ಮೇಲೆ ಎಲ್ಲರಿಗೂ ಹೊಳೆಯುತ್ತದೆ.

ಅವನ ಸುದ್ದಿ ಇಲ್ಲ. ಅಂಗಡಿಗೂ ಬರುತ್ತಿಲ್ಲವಂತೆ.

11 ಫೆಬ್ರುವರಿ, ಬುಧವಾರ. ಮಧ್ಯಾಹ್ನ

ಈಗಷ್ಟೇ ಫೋನು. ಎಸ್‌ಟಿಡಿ ಬೂತಿನದು, ಹಿಂದೆ ಬಸ್‌ಸ್ಟ್ಯಾಂಡಿನ ಸದ್ದು. ಗಂಡಸಿನ ಕೆಮ್ಮು. ಹೆಸರು ಹೇಳಲಿಲ್ಲ. ದನಿಯ ಗುರುತು ಹತ್ತಿತು. ನಾನೂ ಹೆಸರು ಹಿಡಿದು ಕರೆಯಲಿಲ್ಲ.

"ಕೆಮ್ಮಿನಾಗ ರಕ್ತಾ ಬೀಳಾಕತ್ತದ್ರಿ."

"ಎಲ್ಲಿದ್ದೀರಿ?"

"ಸೊಲ್ಲಾಪುರದಾಗ ಇದ್ದೀನ್ರಿ. ಬಂದ್ರ ಏನೇನ ಬರಕೋತೀರಿ?"

"ಏನೂ ಇಲ್ಲ. ಹಿಂದಿನ ಬಾಗಲದಿಂದ ಬರ್ರಿ. ನಾನ ಬಾಗಲ ತಗೀತೀನಿ."

ಫೋನ್ ಇಟ್ಟುಬಿಟ್ಟ. ಹೂಂ ಅಂದನೋ ಇಲ್ಲವೋ, ಬಸ್ಸಿನ ಹಾರ್ನಿನಲ್ಲಿ ಗೊತ್ತಾಗಲಿಲ್ಲ. ಅವನು ಕಣ್ಣಿಗೆ ಬೀಳದಿರಲೆಂದು ನೀಲಗಂಗಾಳನ್ನು ಔಷಧಿ ಕೋಣೆಗೆ ಕಳಿಸಿದ್ದೇನೆ. ಓಣಿಯಲ್ಲಿ ಯಾರೂ ಇಲ್ಲ. ಚಿಲಕ ತೆಗೆದೇ ಇಟ್ಟಿದ್ದೇನೆ. ಇಲ್ಲಿ ಕೂತು ಬರೆಯುತ್ತ —

ಹಿಂದಿನ ಬಾಗಿಲ ಹೊರಗೆ ಯಾರೋ ಕೆಮ್ಮಿದರು. ತೆರೆಯಲು ಏಳುತ್ತಿದ್ದೇನೆ.