ಒಂದು ಮೊಟ್ಟೆಯ ವ್ಯಾಪಾರ

ಮನೆ, ಅಡುಗೆಕೋಣೆಯ ಮೇಜು
ಭಾನುವಾರ, ಹದಿನಾಲ್ಕನೇ ತಾರೀಕು, ಸಂಜೆ

ಪ್ರೀತಿಯ ಇವರಿಗೆ,

ಮೊಣಕೈಯ ಸುಟ್ಟ ಗಾಯ ಒಣಗಿತೇ? ಎಂಜಿನ್ ಕೋಣೆಯ ಸೆಕೆಗೆ ಮುಲಾಮು ನಿಲ್ಲುವುದಿಲ್ಲ ಎಂದು ನೆಪ ಹೇಳದೆ ಹಚ್ಚಿಕೊಳ್ಳಿ. ಹಡಗಿನಲ್ಲಿ ಊಟವಾದರೂ ಹೊತ್ತಿಗೆ ಸರಿಯಾಗಿ ಸಿಗುತ್ತಿದೆಯೇ? ಇಲ್ಲಿ ನಾವು ಮೂವರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಆದರೆ ನನ್ನ ಸೊಂಟ ಬಿದ್ದುಹೋಗಿದೆ. ಆರು ದಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಇಸ್ತ್ರಿ ಮಾಡಿದ್ದಾಯಿತು, ಏಳನೆಯ ದಿನ ನಿಮ್ಮ ಅಮ್ಮನ ಸವಾರಿಯ ಹಿಂದೆ ಹಳೇ ಮಾರುಕಟ್ಟೆಗೆ ಹೋಗಿ ಬಂದದ್ದಾಯಿತು.

ಅತ್ತೆ ಕಾಲು ಮುರಿದುಕೊಂಡು ಮೊಟ್ಟೆ ಅಂಗಡಿ ಮುಚ್ಚಿ ಇವತ್ತಿಗೆ ಒಂದು ವರ್ಷ. ಅಲ್ಲಿನ ಕಟ್ಟಳೆ ನಿಮಗೆ ಗೊತ್ತೇ ಇದೆ: ವರ್ಷ ತುಂಬುವ ದಿನ ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಮನೆಯವರು ಕೂತು, ಹೊರಗಿನವರಿಗೆ ಒಂದಾದರೂ ವ್ಯಾಪಾರ ಮಾಡಬೇಕು. ಇಲ್ಲದಿದ್ದರೆ ಅಂಗಡಿ ಬೇರೆಯವರ ಪಾಲು. ಉಳಿದರೆ ದಿನಾ ಅಲ್ಲಿ ಕೂರಬೇಕಾದವಳು ಯಾರು ಎಂದು ಬಾಯಿಬಿಟ್ಟು ಹೇಳಬೇಕಿಲ್ಲವಲ್ಲ. ಅತ್ತೆಗೆ ಅರ್ಧ ಗಂಟೆ ನೆಟ್ಟಗೆ ಕೂರಲಾಗುವುದಿಲ್ಲ.

ಏಳು ಗಂಟೆಗೇ ಹೋಗಿ ಬಾಗಿಲೆತ್ತಿದೆವು. ನೋಡುವವರಿಗೇನೂ ಬರವಿಲ್ಲ, ಆ ಕಬ್ಬಿಣದ ಕಂಬಗಳ, ಸವೆದ ಕಲ್ಲುನೆಲದ ಫೋಟೋ ಹಿಡಿಯಲು ಜನ ಮುಗಿಬೀಳುತ್ತಾರೆ. ಅತ್ತೆಯದನ್ನೂ ಹಿಡಿದರು. ಮೊಟ್ಟೆ ಮಾತ್ರ ಯಾರಿಗೂ ಬೇಡ. ‘ಅಜ್ಜೀ, ನಿನ್ನನ್ನೇ ಮಾರೋಕಿಟ್ಟಿದ್ರೆ ಇಷ್ಟೊತ್ತಿಗೆ ಖಾಲಿಯಾಗ್ತಿತ್ತು’ ಎಂದಳು ನಿಮ್ಮ ಚಿನಕುರಳಿ ಮಗಳು. ಹತ್ತೂವರೆಗೆ ಒಬ್ಬ ಹೆಂಗಸು ಬಂದು ಒಂದು ಡಜನ್ ಕೇಳಿದರು. ನಿಮ್ಮ ಅಮ್ಮ ಬಲ್ಬಿಗೆ ಹಿಡಿದು ನೋಡದೆ ಮೊಟ್ಟೆ ಕೊಟ್ಟವರಲ್ಲ. ಒಂದೊಂದನ್ನೇ ಬೆಳಕಿಗೆ ಹಿಡಿದು, ತಿರುಗಿಸಿ, ಪಕ್ಕಕ್ಕಿಟ್ಟು, ಕೊನೆಗೆ ‘ಇವು ಹಳೇವಮ್ಮ, ಎದುರಂಗಡೀಲಿ ತಗೋ’ ಎಂದು ಕಳಿಸಿಯೇಬಿಟ್ಟರು. ತಪ್ಪು ನನ್ನದು. ನಿನ್ನೆ ಕೆಲಸದಿಂದ ಬರುವಾಗ ಸಾಕುಸಾಕಾಗಿ ಬೀದಿ ಕೊನೆಯ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದಿದ್ದೆ. ‘ಒಂದು ಮಾರಿದ್ರೂ ಸಾಕಿತ್ತಲ್ಲ ಅತ್ತೆ’ ಎಂದರೆ, ‘ಕೆಟ್ಟಿದ್ದು ಮಾರಿ ಉಳಿಸ್ಕೊಳ್ಳೋ ಅಂಗಡಿ ನಂಗೆ ಬೇಡ’ ಎಂದು ಮುಖ ತಿರುಗಿಸಿದರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಆಮೇಲೆ ಇಡೀ ಬುಟ್ಟಿ ಜಾಲಾಡಿ, ಒಂದೇ ಒಂದು ಒಳ್ಳೆಯ ಮೊಟ್ಟೆ ಹುಡುಕಿ ತೆಗೆದು, ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತರು. ಒಂದು ಮೊಟ್ಟೆ ಕೊಳ್ಳಲು ಯಾರು ಬರುತ್ತಾರೆ? ಹನ್ನೆರಡಕ್ಕೆ ಕಾಲು ಗಂಟೆ ಇದ್ದಾಗ ನಾನು ಚಹಾ ತರುತ್ತೇನೆಂದು ಎದ್ದುಹೋದೆ. ಬಂದು ನೋಡಿದರೆ, ಕೋಲೂರಿಕೊಂಡ ಒಬ್ಬ ಅಜ್ಜ ಮೊಟ್ಟೆಯನ್ನು ಜೋಪಾನವಾಗಿ ಜೇಬಿಗಿಳಿಸುತ್ತಿದ್ದರು. ಮಾರುಕಟ್ಟೆಯ ಗುಮಾಸ್ತ ಪುಸ್ತಕ ತಂದು ವ್ಯಾಪಾರವಾಯಿತೆಂದು ಬರೆದುಕೊಂಡ. ಗಂಟೆ ಹೊಡೆಯಿತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಬಸ್ಸಿನಲ್ಲಿ ಬರುವಾಗಲೂ ‘ನೋಡಿದ್ಯಾ, ನನ್ನ ಹುಡುಕ್ಕೊಂಡು ಬಂದ್ರು’ ಎಂದು ಅದನ್ನೇ ಹೇಳುತ್ತಿದ್ದರು. ಈಗ ಮಲಗಿದ್ದಾರೆ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಮಗಳು ಮುತ್ತು ಕಳಿಸಿದ್ದಾಳೆ. ನನ್ನಲ್ಲಿ ಏನು ಉಳಿದಿದೆಯೋ ಅದೆಲ್ಲ ನಿಮಗೇ.

ನಿಮ್ಮವಳು

ಮತ್ತೆ: ಆ ಅಜ್ಜನನ್ನು ಕಳಿಸಿದ್ದು ನಾನೇ. ಗೇಟಿನ ಹತ್ತಿರ ಕೈಗೆ ಚಿಲ್ಲರೆ ಹಾಕಿ ಬೇಡಿಕೊಂಡೆ. ಅತ್ತೆಗೆ ಎಂದೂ ಹೇಳಬೇಡಿ. ಬೆಳಗಿನಿಂದ ಯಾರೂ ಬಾರದಿರಲಪ್ಪಾ ಎಂದೇ ಹಾರೈಸುತ್ತಿದ್ದೆ, ಆದರೆ ಅವರು ಹಾಗೆ ಕೂತಿದ್ದನ್ನು ನೋಡಲಾಗಲಿಲ್ಲ. ಅಂಗಡಿಯನ್ನು ನನ್ನ ಹೆಸರಿಗೆ ಬರೆಸಿದ್ದಾರೆ. ಲಾಂಡ್ರಿಯೂ ಅಂಗಡಿಯೂ ಎರಡೂ ನನ್ನ ಕೈಲಾಗುವುದಿಲ್ಲ. ಈ ಸಲ ಬಂದವರು ಮತ್ತೆ ಹಡಗು ಹತ್ತಬೇಡಿ.