ನಾನು ಹಾಡಿ ಕರೆದ ಸೀಲ್

ತಂಗೀ ಎಫೀ,

ಶೆಟ್‌ಲ್ಯಾಂಡಿಗೆ ಬಂದ್ಮೇಲೆ ಮಂಡಿನೋವು ಪರವಾಗಿಲ್ಲ ಕಣೆ. ನಿನ್ನೆ ಪ್ರವಾಸಿಗರ ಜೊತೆ ದೋಣೀಲಿ ಹೋಗಿದ್ದೆ. ಓರ್ಕಾ ತಿಮಿಂಗಿಲಗಳು ಸುತ್ತಾಡ್ತಿದ್ವು, ಅವಕ್ಕೆ ಹೆದರಿ ಒಂದು ಸೀಲ್ ಪ್ರಾಣಿ ಬಂಡೆ ಸಂದೀಲಿ ಅಡಗಿತ್ತು. ನಮ್ಮ ಬಾರಾ ದ್ವೀಪದಲ್ಲಿ ಸೀಲನ್ನ ಹಾಡಿ ಕರೀತೀವಲ್ಲ, ಜನರ ಮುಂದೆ ಜಂಬಕ್ಕೆ ಹಾಗೇ ಹಾಡ್ಬಿಟ್ಟೆ.

"ಬಾಯ್ ಮುಚ್ಚೋ ಮಾರಾಯ!" ಅಂತ ದೋಣಿ ನಡೆಸೋ ಓಸ್ಲಾ ಕಿರುಚಿದ್ಲು. ಅಷ್ಟರಲ್ಲಿ ಆ ಸೀಲ್ ನನ್ನ ಮುಖಾನೇ ನೋಡ್ತಾ ಈಜ್ಕೊಂಡು ಬಂದಿತ್ತು. ಎರಡು ಓರ್ಕಾ ಸೇರಿ ಅದನ್ನ ಎಳ್ಕೊಂಡು ಹೋದ್ವು. ನಾಚಿಕೆಯಿಂದ ತಲೆ ಎತ್ತಕ್ಕಾಗ್ಲಿಲ್ಲ.

ಪಕ್ಕದಲ್ಲಿ ಕ್ಯಾಮೆರಾ ಹಿಡ್ಕೊಂಡು ಕೂತಿದ್ದೋನು, "ನಿಮ್ಮಿಂದ ಎಂಥಾ ಫೋಟೋ ಸಿಕ್ತು ಅಣ್ಣಾ!" ಅಂತ ಕೈ ಚಾಚಿದ. ಅವನ ಕೈ ಕುಲುಕ್ದೆ ಕಣೆ, ನಗ್ತಾನೇ ಕುಲುಕ್ದೆ.

ಟಪಾಲಿನೋನು ಕಾಯ್ತಿದ್ದಾನೆ.

ನಿನ್ನಣ್ಣ,
ಮುರ್ಡೋ